ನಿಮಿಷಕ್ಕೆ ಇಪ್ಪತ್ತೆಂಟು ಹನಿ

ಮೂವತ್ತು ವರ್ಷ ಕೈಗಡಿಯಾರ ರಿಪೇರಿ ಮಾಡಿದವನನ್ನು ತಂದು, ದಿನಕ್ಕೆ ನಾಲ್ಕು ನಿಮಿಷ ಹಿಂದೆ ಬೀಳುವ ಗೋಡೆ ಗಡಿಯಾರದ ಎದುರು ಮಲಗಿಸಿದ್ದರು. ಕೈಗೆಟುಕಿದ್ದರೆ ಹತ್ತೇ ನಿಮಿಷದ ಕೆಲಸ. ಆದರೆ ಎಡಗೈಗೆ ಸೂಜಿ, ಸೂಜಿಗೆ ನಳಿಗೆ, ನಳಿಗೆಗೆ ಬಾಟಲಿ. ದಿನಕ್ಕೆ ಆರು ಗಂಟೆ ಹೀಗೆ ಕಟ್ಟಿಹಾಕಿದ ಹಾಗೆ ಬಿದ್ದಿರಬೇಕು. ಮೂತ್ರಕ್ಕೆ ಹೋಗಬೇಕೆಂದರೂ ಸಿಸ್ಟರನ್ನು ಕರೆಯಬೇಕು. ನನಗೆ ಮೈಯೆಲ್ಲಾ ಉರಿಯುತ್ತಿತ್ತು.

ಸಕ್ಕರೆ ಕಾಯಿಲೆ ಮಿತಿಮೀರಿ ಮೂಗಿನ ಪಕ್ಕದ ಎಲುಬಿನೊಳಗೆ ಬೂಷ್ಟು ಬೆಳೆದಿದೆ ಅಂದಿದ್ದರು ಡಾಕ್ಟರು. ಹಳೇ ಬ್ರೆಡ್ಡಿನ ಮೇಲೆ ಬರುತ್ತದಲ್ಲ, ಆ ಜಾತಿಯದೇ. ಸಿಕ್ಕಷ್ಟನ್ನು ಕೆರೆದು ತೆಗೆದಾಗಿತ್ತು. ಉಳಿದದ್ದನ್ನು ಈ ಹಳದಿ ಔಷಧಿ ರಕ್ತದೊಳಗಿಂದ ಹೋಗಿ ಕೊಲ್ಲಬೇಕು. ಕೊಲ್ಲದಿದ್ದರೆ ಅದು ಬಲಗಣ್ಣಿಗೆ ನುಗ್ಗುತ್ತದೆ, ಆಮೇಲೆ ಕಣ್ಣು ತೆಗೆಯದೆ ವಿಧಿಯಿಲ್ಲ. ಬಲಗಣ್ಣು ನನ್ನ ಭೂತಗನ್ನಡಿಯ ಕಣ್ಣು. ಎಡಗಣ್ಣಿಗೆ ಕೂದಲಿನಂಥ ಸ್ಪ್ರಿಂಗ್ ನೋಡುವ ಅಭ್ಯಾಸವೇ ಇಲ್ಲ.

ಹಾಗಾಗಿ ದಿನಾ ಎಡಗಣ್ಣು ಮುಚ್ಚಿ, ಬಲಗಣ್ಣಿನಲ್ಲಿ ಹನಿ ಎಣಿಸುತ್ತಿದ್ದೆ. ಸಿಸ್ಟರ್ ಇಟ್ಟುಹೋಗುವ ಲೆಕ್ಕ ನಿಮಿಷಕ್ಕೆ ಇಪ್ಪತ್ತೆಂಟು. ಎರಡನೇ ದಿನ ಮಧ್ಯಾಹ್ನ ಎಣಿಸಿದರೆ ಒಂಬತ್ತು! ಗಡಿಯಾರದವನ ಎಣಿಕೆ ತಪ್ಪುವುದುಂಟೇ?

"ಏನಮ್ಮಾ, ಬಾಟಲಿಗೂ ಊಟ ಆದ್ಮೇಲೆ ನಿದ್ದೆ ಬಂತಾ?" ಅಂತ ಸಿಸ್ಟರನ್ನು ಕೂಗಿದೆ.

ಅವಳು ನಗಲಿಲ್ಲ. "ನರ ಸರಿಯಾಗಿಲ್ಲ ಅಂಕಲ್" ಎಂದು ಇನ್ನೊಂದು ಕಡೆ ಚುಚ್ಚಿದಳು. ಮೂರನೇ ದಿನವೂ ಅದೇ ಕಥೆ, ಇನ್ನೆರಡು ಚುಚ್ಚು. ಸಮಯ ಮುಗಿದಾಗ ಅರ್ಧ ಬಾಟಲಿ ಹಾಗೇ ಉಳಿದಿರುತ್ತಿತ್ತು. ಕಲಸಿದ ಔಷಧಿ ಇಡುವ ಹಾಗಿಲ್ಲ ಎಂದು ಅವಳು ಅದನ್ನು ತೆಗೆದುಕೊಂಡು ಹೋಗುತ್ತಿದ್ದಳು.

ನಾಲ್ಕನೇ ದಿನವೂ ಹೀಗೇ ಆದಾಗ ತಲೆಗೆ ಹೊಳೆಯಿತು. ಹನಿ ನಿಧಾನವಾಗುವುದು ಹನ್ನೊಂದು ಗಂಟೆಯ ಮೇಲೆ. ಹನ್ನೊಂದಕ್ಕೆ ಬರುವವಳು ನನ್ನ ಹೆಂಡತಿ, ನನಗೆ ಜೋಂಪು ಹತ್ತುವುದೂ ಆಗಲೇ.

ಐದನೇ ದಿನ ನಿದ್ದೆ ನಟಿಸಿದೆ. ಬಂದವಳು ಬಾಗಿಲ ಕಡೆ ನೋಡಿದಳು. ಬೆಳಕು ತಾಗದಂತೆ ಬಾಟಲಿಗೆ ಹಾಕಿದ್ದ ಕಪ್ಪು ಚೀಲವನ್ನು ಎತ್ತಿ ಅಕ್ಷರ ಓದಿದಳು. ಆಮೇಲೆ ಹನಿಯ ವೇಗ ಹೆಚ್ಚುಕಡಿಮೆ ಮಾಡುವ ನಳಿಗೆಯ ಪುಟ್ಟ ಗಾಲಿಯನ್ನು ಹೆಬ್ಬೆರಳಿನಿಂದ ಕೆಳಗೆ ಉರುಳಿಸಿದಳು.

"ಏನೇ ಮಾಡ್ತಿದ್ದೀಯ?"

ಬೆಚ್ಚಿಬಿದ್ದಳು. "ಗ್ಲೂಕೋಸ್ ರೀ ಇದು! ಸಕ್ಕರೆ ನೀರು! ಸಕ್ಕರೆಯಿಂದ್ಲೇ ಬಂದ ಕಾಯಿಲೆಗೆ ಸಕ್ಕರೆನೇ ಹತ್ತಿಸ್ತಿದ್ದಾರೆ. ಇದು ಹತ್ತಿದಾಗೆಲ್ಲ ನೀವು ಗಡಗಡ ನಡುಗ್ತೀರಿ. ಹನ್ನೊಂದು ವರ್ಷ ನಿಮ್ಮ ಅನ್ನ ಅಳೆದು ಹಾಕಿದ್ದು ಇದಕ್ಕಾ?"

ನಾನು ಬಾಯಿ ತೆರೆಯುವಷ್ಟರಲ್ಲಿ ಡಾಕ್ಟರು ಬಂದೇಬಿಟ್ಟರು. ಕೈಯಲ್ಲಿ ಚಾರ್ಟು, ಹಿಂದೆ ಸಿಸ್ಟರ್. ಬೆಳಗಿನ ಸ್ಕ್ಯಾನಿನಲ್ಲಿ ಬೂಷ್ಟು ಕಣ್ಣಿನ ಗೂಡಿನ ಅಂಚಿಗೆ ಬಂದಿತ್ತು. "ಮೂರು ದಿನ ಅರ್ಧರ್ಧ ಡೋಸ್ ಹೋಗಿದೆ. ನೀನೇನು ನೋಡ್ತಾ ಕೂತಿದ್ದೆ?" ಎಂದು ಸಿಸ್ಟರ್ ಮೇಲೆ ಹರಿಹಾಯ್ದರು. ಆ ಹುಡುಗಿಯ ಕಣ್ಣು ತುಂಬಿತು. ನನ್ನ ಹೆಂಡತಿ ಮಂಚದ ಸರಳು ಹಿಡಿದು ಕಲ್ಲಾಗಿದ್ದಳು.

"ಅವಳನ್ನ ಬೈಬೇಡಿ ಸಾರ್," ಎಂದೆ ನಾನು. " ನಾನೇ ತಿರುಗಿಸಿದ್ದು. ಗ್ಲೂಕೋಸ್ ಅಂತ ಓದಿ ಹೆದರಿಬಿಟ್ಟೆ."

ಡಾಕ್ಟರು ಒಂದು ಕ್ಷಣ ನನ್ನನ್ನೇ ನೋಡಿದರು. "ಉಪ್ಪುನೀರಿಗೆ ಹಾಕಿದ್ರೆ ಈ ಔಷಧಿ ಹಾಲು ಒಡೆದ ಹಾಗೆ ಒಡೆದುಹೋಗುತ್ತೆ ಕಣ್ರೀ. ಅದಕ್ಕೇ ಗ್ಲೂಕೋಸ್. ಆ ಸಕ್ಕರೆಗೆ ಅಂತಲೇ ಇನ್ಸುಲಿನ್ ಕೊಡ್ತಿಲ್ವಾ? ಒಂದು ಮಾತು ಕೇಳೋಕೇನಾಗಿತ್ತು?" ಗಾಲಿಯನ್ನು ತಾವೇ ಮೇಲಕ್ಕೆ ಉರುಳಿಸಿದರು. "ಎರಡು ದಿನ ನೋಡ್ತೀನಿ. ಆಮೇಲೆ ನನ್ನ ಕೈಲಿಲ್ಲ."

ಅವರಿಬ್ಬರೂ ಹೋದ ಮೇಲೆ ನನ್ನ ಹೆಂಡತಿ ಸ್ಟೂಲಿನ ಮೇಲೆ ಕುಸಿದಳು. ಬಾಯಿಗೆ ಸೆರಗು ಒತ್ತಿಕೊಂಡು ಅತ್ತಳು. ನನಗೆ ನೋಡಲಾಗಲಿಲ್ಲ.

"ನಾನು ಹೇಳಿದ್ದು ಪೂರ್ತಿ ಸುಳ್ಳಲ್ಲ ಕಣೇ," ಎಂದೆ. "ಈ ಕಾಯಿಲೆ ತಂದ್ಕೊಂಡಿದ್ದು ನಾನೇ. ಅಂಗಡಿ ಡ್ರಾಯರಲ್ಲಿ, ಹಳೇ ಬೆಲ್ಟುಗಳ ಕೆಳಗೆ ಒಂದು ಪೆಪ್ಪರ್‌ಮೆಂಟ್ ಡಬ್ಬ..."

"ಗೊತ್ತು."

"ಏನು ಗೊತ್ತು?"

"ಆರು ವರ್ಷದಿಂದ ಗೊತ್ತು. ಕೇಳಿದ್ರೆ ಕೂಗಾಡ್ತೀರಿ ಅಂತ ಬಾಯಿ ಮುಚ್ಕೊಂಡಿದ್ದೆ. ಅದನ್ನಂತೂ ತಡೀಲಿಲ್ಲ, ಇದನ್ನಾದ್ರೂ ತಡೀಬೇಕು ಅನ್ನಿಸ್ತು."

ಮನೆಯಲ್ಲಾಗಿದ್ದರೆ ಇಂಥ ಮಾತಿಗೆ ಬಾಗಿಲು ದಢಾರನೆ ಹಾಕಿ ಹೊರಗೆ ಹೋಗುತ್ತಿದ್ದೆ. ಇಲ್ಲಿ ಎಲ್ಲಿಗೆ ಹೋಗಲಿ? ಸೂಜಿ ಬಿಡುವುದಿಲ್ಲ. ಅವಳ ಎದುರೇ ಬಿದ್ದಿರಬೇಕಾಯಿತು. ನಾಚಿಕೆಯಾಯಿತು, ಬಹಳ ನಾಚಿಕೆಯಾಯಿತು.

ಅವಳು ಕಣ್ಣೊರೆಸಿಕೊಂಡು, "ಎಣಿಸಿ ನೋಡ್ರೀ, ಈಗ ಸರಿಯಾಗಿ ಬೀಳ್ತಿದೆಯಾ?" ಎಂದಳು.

ಎಡಗಣ್ಣು ಮುಚ್ಚಿದೆ. ಬಾಟಲಿಯ ಕಪ್ಪು ಚೀಲವಿಲ್ಲ, ಗೋಡೆಯಿಲ್ಲ, ಗಡಿಯಾರವೂ ಇಲ್ಲ. 'ಇಪ್ಪತ್ತೆಂಟು' ಅನ್ನುವುದು ನಾಲಿಗೆಯ ತುದಿಗೆ ಬಂದಿತ್ತು. ಮುಚ್ಚಿಡುವುದು ನನಗೇನು ಹೊಸದೇ? ಅವಳಿಗೂ ಒಂದಿಷ್ಟು ನೆಮ್ಮದಿಯಾಗುತ್ತಿತ್ತು.

"ಕಾಣ್ತಾ ಇಲ್ಲ ಕಣೇ," ಎಂದೆ. "ಬೆಳಗ್ಗೆ ಮಂಜುಮಂಜಾಗಿತ್ತು. ಈಗ ಏನೂ ಇಲ್ಲ."

ಅವಳು ಒಂದು ಕೈಯಿಂದ ಸಿಸ್ಟರನ್ನು ಕರೆಯುವ ಗಂಟೆ ಒತ್ತಿದಳು, ಒತ್ತುತ್ತಲೇ ಇದ್ದಳು. ಇನ್ನೊಂದು ಕೈಯಲ್ಲಿ ನನ್ನ ಬೆರಳು ಹಿಡಿದುಕೊಂಡು, ನಳಿಗೆಯನ್ನೇ ನೋಡುತ್ತಾ ಎಣಿಸತೊಡಗಿದಳು. ಹನ್ನೊಂದಕ್ಕೆ ಬಂದಾಗ ಎಣಿಕೆ ತಪ್ಪಿತು. ಮತ್ತೆ ಒಂದರಿಂದ ಶುರುಮಾಡಿದಳು.