ಕಾಲುಚೀಲದಲ್ಲಿದ್ದ ಅಯಸ್ಕಾಂತ

ಶವಸಂಸ್ಕಾರಕ್ಕೆ ಬಂದಿದ್ದವರಲ್ಲಿ ಕೊನೆಯವರೂ ಹಿಂದಿನ ಸಂಜೆ ಹೊರಟುಹೋಗಿದ್ದರು. ಬಾಡಿಗೆ ಕುರ್ಚಿಗಳು ಹೋಗಿ ಹಜಾರ ಮತ್ತೆ ಅಗಲವಾಗಿತ್ತು. ಎಂಟು ದಿನಗಳ ನಂತರ ಆ ಮನೆಗೆ ಬೆಳಗು ಬೆಳಗಿನ ಹಾಗೇ ಬಂತು. ಕಸದ ಗಾಡಿ ಬಂತು, ಪಕ್ಕದ ಮನೆಯ ನಾಯಿ ಅದನ್ನು ಬೈದು ಕಳಿಸಿತು, ಅತ್ತೆ ನಲ್ಲಿ ಬಿಟ್ಟು ಪಾತ್ರೆಗಳ ಮೇಲೆ ಸಿಟ್ಟು ತೀರಿಸಿಕೊಳ್ಳತೊಡಗಿದರು.

ಸೊಸೆ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಿದ್ದಳು. ಮದುವೆಯಾಗಿ ನಾಲ್ಕು ವರ್ಷ. ಗಂಡ ಹನ್ನೊಂದು ದಿನದ ಜ್ವರದಲ್ಲಿ ಹೋಗಿಬಿಟ್ಟಿದ್ದ. ಅವಳಿಗೆ ಅಳು ಬಂದಿರಲಿಲ್ಲ. ಹಲ್ಲು ಕೀಳಲು ಮದ್ದು ಚುಚ್ಚಿದ ದವಡೆ ಇರುತ್ತದಲ್ಲ, ಮುಟ್ಟಿದರೆ ಕೈಗೆ ಸಿಗುತ್ತದೆ, ಆದರೆ ತನ್ನದು ಅನ್ನಿಸುವುದಿಲ್ಲ, ಹಾಗಿದ್ದಳು.

ಕಪಾಟಿನ ಮೇಲಿದ್ದ ಅವನ ಫೋನು ಹೊಡೆದುಕೊಂಡಿತು. ಅವಳೇ ಎತ್ತಿದಳು.

"ಸಾರ್, ಕೆಂಪು ಕಾರು. ಇವತ್ತು ಶನಿವಾರ, ಹತ್ತು ಗಂಟೆಗೆ ಬರ್ತೀನಿ ಅಂದಿದ್ರಲ್ಲ. ಇನ್ನೂ ಮೂರು ಜನ ಕೇಳ್ತಾ ಇದಾರೆ."

"ಅವರಿಲ್ಲ," ಎಂದಳು.

"ಯಾವಾಗ ಬರ್ತಾರೆ ಮೇಡಂ?"

ಹಿಂದಿನಿಂದ ಒಂದು ಕೈ ಬಂದು ಫೋನನ್ನು ತೆಗೆದುಕೊಂಡಿತು. ಅದು ನಾದಿನಿಯ ಕೈ. ಹದಿನೆಂಟು ವರ್ಷದ, ಐದಡಿ ಎತ್ತರದ ಆ ಹುಡುಗಿಗೆ ಅಣ್ಣ ಇಟ್ಟಿದ್ದ ಅಡ್ಡಹೆಸರು ಮೆಣಸು. ಮನೆಯಲ್ಲಿ ಬೇರೆ ಹೆಸರಿಂದ ಕರೆದರೆ ಅವಳು ತಿರುಗುತ್ತಲೂ ಇರಲಿಲ್ಲ.

"ನಾವು ಬರ್ತೀವಿ," ಎಂದು ಮೆಣಸು ಫೋನಿಗೆ ಹೇಳಿದಳು. "ಹತ್ತು ಗಂಟೆಗೇ."

ನಲ್ಲಿ ನಿಂತಿತು.

"ಎಲ್ಲಿಗೂ ಬರಲ್ಲ," ಎಂದರು ಅತ್ತೆ. "ಕಾರು ನೋಡೋನೇ ಹೋದ. ನಿಮ್ಮಿಬ್ಬರಿಗೂ ಸ್ಟೇರಿಂಗಿಗೂ ಸ್ಟೆಪ್ನಿಗೂ ವ್ಯತ್ಯಾಸ ಗೊತ್ತಿಲ್ಲ. ಹೋಗಿ ಯಾವನ ಕೈಲೋ ಟೋಪಿ ಹಾಕಿಸ್ಕೊಂಡು ಬರ್ತೀರಾ?"

"ಅಮ್ಮಾ, ಸೋಮವಾರ ಕಾಲೇಜು ಶುರು. ಮೊದಲನೇ ಬಸ್ಸು ಬರೋ ಹೊತ್ತಿಗೆ ಅಲ್ಲಿ ಮೊದಲನೇ ಪಾಠ ಮುಗಿದಿರುತ್ತೆ."

"ಹಾಸ್ಟೆಲ್ ಇದೆಯಲ್ಲ."

ಒಬ್ಬ ಹೋಗಿದ್ದ ಮನೆ ಅದು. ಇನ್ನೊಬ್ಬಳೂ ಪೆಟ್ಟಿಗೆ ಕಟ್ಟಿದರೆ ಉಳಿಯುವುದು ಎಷ್ಟು ಎಂಬ ಲೆಕ್ಕ ಮೂವರಿಗೂ ಒಂದೇ ಸಲ ಹೊಳೆದಿರಬೇಕು. ಅತ್ತೆ ಕೈ ಒರೆಸಿಕೊಂಡರು.

"ಇವತ್ತೊಂದು ದಿನ. ನೆಟ್ಟಗಿರೋದು ಸಿಕ್ಕಿದ್ರೆ ತಗೋ. ಇಲ್ದಿದ್ರೆ ಕಾರಿನ ಮಾತು ಎತ್ತಕೂಡದು, ಹಾಸ್ಟೆಲ್ಲಿಗೆ ಹೊರಡು."

ಅವನಿದ್ದಾಗ ಇದು ಮಾತೇ ಆಗುತ್ತಿರಲಿಲ್ಲ. ಲಿಫ್ಟು ರಿಪೇರಿ ಅವನ ಕೆಲಸ, ಕಾರು ಅವನ ಹುಚ್ಚು. ಹಳೇ ಕಾರು ಕೊಳ್ಳುವ ಗೆಳೆಯರೆಲ್ಲ ರಜೆಯ ದಿನ ಅವನನ್ನು ಮನೆಯಿಂದ ಎಬ್ಬಿಸಿಕೊಂಡು ಹೋಗುತ್ತಿದ್ದರು. ತಂಗಿಗೆ ಮಾತ್ರ, "ತೋರಿಸೋದು ನಾನು, ಆರಿಸೋದು ನೀನು," ಅಂದಿದ್ದ. ಎರಡು ಕಾರು ಗೊತ್ತುಮಾಡಿ ಫ್ರಿಜ್ಜಿನ ಮೇಲೆ ಚೀಟಿ ಅಂಟಿಸಿದ್ದ: ಕೆಂಪು, ಹತ್ತು ಗಂಟೆ. ನೀಲಿ, ನರ್ಸಮ್ಮ, ಹನ್ನೆರಡು. ಎರಡೂ ಒಂದೇ ಜಾತಿಯವು. ಎರಡು ಬಾಗಿಲು, ತಗ್ಗು ಸೀಟು, ಮುಟ್ಟಿದರೆ ಜಿಗಿಯುವಂಥವು. ಮೆಣಸಿಗೆ ಬೇಕಾಗಿದ್ದೂ ಅಂಥದ್ದೇ.

ಮೆಣಸು ಅಣ್ಣನ ಚೀಲದಿಂದ ಅವನದೇ ಬೂದು ಬಣ್ಣದ ಒಂದು ಕಾಲುಚೀಲ ತೆಗೆದಳು. ಒಳಗೆ ಏನೋ ಭಾರವಾದದ್ದಿತ್ತು.

"ಅಯಸ್ಕಾಂತ. ಗ್ಯಾರೇಜ್ ಮೇಸ್ತ್ರಿದು. ಅಣ್ಣ ಎರವಲು ತಂದಿದ್ದ. ಬನ್ನಿ ಅತ್ತಿಗೆ, ಒಂಬತ್ತಕ್ಕೇ ಅಲ್ಲಿರಬೇಕು."

"ಹತ್ತು ಅಂದೆಯಲ್ಲ?"

"ಅಂದೆ. ಆದ್ರೆ ಒಂದು ಗಂಟೆ ಮುಂಚೆ ಹೋಗಬೇಕು. ಹೋದ ತಕ್ಷಣ ಬಾನೆಟ್ ಮೇಲೆ ಕೈ ಇಡಬೇಕು. ತಣ್ಣಗಿರೋ ಇಂಜಿನ್ ಸ್ಟಾರ್ಟ್ ಮಾಡಿದ್ರೇನೇ ಅದರ ಕೆಮ್ಮು, ಹೊಗೆ ಎಲ್ಲ ಗೊತ್ತಾಗೋದಂತೆ. ಮೊದಲೇ ಬೆಚ್ಚಗೆ ಮಾಡಿಟ್ಟಿದ್ರೆ ಏನೋ ಮುಚ್ಚಿಡ್ತಾ ಇದಾರೆ ಅಂತ ಅಣ್ಣ ಹೇಳ್ತಿದ್ದ."

ವಿಶ್ವವಿದ್ಯಾಲಯದಲ್ಲಿ ಚರಿತ್ರೆ ಓದಿ ಎರಡು ಪದವಿ ಪಡೆದ ಅತ್ತಿಗೆಗೆ ಕಾರು ಓಡಿಸುವುದು ಬರುತ್ತಿತ್ತು. ಬಾನೆಟ್ಟಿನ ಕೆಳಗೇನಿದೆ ಎಂಬುದು ಬೇರೆ ದೇಶದ ಚರಿತ್ರೆ. ಗಂಡನ ಕಾರಿನ ಸೀಟು ಅವನ ಕಾಲಿನ ಅಳತೆಗೇ ಇತ್ತು. ಅದನ್ನು ಮುಂದಕ್ಕೆ ಎಳೆದುಕೊಂಡು ಕಾರು ತೆಗೆದಳು.

ಕೆಂಪು ಕಾರು ಒಂದು ತಗಡಿನ ಚಾವಣಿಯ ಕೆಳಗೆ ಮದುವಣಗಿತ್ತಿಯ ಹಾಗೆ ನಿಂತಿತ್ತು. ಹಿಂಬದಿಗೆ ದೊಡ್ಡ ರೆಕ್ಕೆ, ಚಕ್ರಗಳಿಗೆ ಹೊಳೆಯುವ ಕಪ್ಪು ಬಣ್ಣ. ಮೆಣಸಿನ ಉಸಿರು ನಿಂತದ್ದು ಅತ್ತಿಗೆಗೆ ಕೇಳಿಸಿತು.

"ಬಂದ್ಬಿಟ್ರಾ? ಇನ್ನೂ ಒಂಬತ್ತು ಮೇಡಂ!" ಎಂದು ದಲ್ಲಾಳಿ ಹಲ್ಲುಜ್ಜುತ್ತಲೇ ಓಡಿಬಂದ. "ಸಾರ್ ಬರಲಿಲ್ವಾ? ನೋಡಿ ತಂಗಿ, ಒಬ್ಬರೇ ಓಡಿಸಿದ್ದು. ಆ್ಯಕ್ಸಿಡೆಂಟ್ ಗೀಕ್ಸಿಡೆಂಟ್ ಏನೂ ಇಲ್ಲ."

"ನಾವು ಕೇಳಲೇ ಇಲ್ವಲ್ಲ," ಎಂದಳು ಮೆಣಸು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರನ್ನು ಅತ್ತಿಗೆಯೂ ಕಂಡಿದ್ದಳು.

ಮೆಣಸು ಬಾನೆಟ್ಟಿನ ಮೇಲೆ ಅಂಗೈ ಇಟ್ಟಳು. ಇಟ್ಟು, ಅತ್ತಿಗೆಯ ಕೈ ಹಿಡಿದು ಅದನ್ನೂ ಅಲ್ಲಿಟ್ಟಳು. ಆಗತಾನೇ ಇಸ್ತ್ರಿಯಾದ ಅಂಗಿಯಷ್ಟು ಬೆಚ್ಚಗಿತ್ತು.

"ಬಿಸಿ ಇದೆ."

"ನಿಮಗೋಸ್ಕರ ಈಗತಾನೇ ಒಂದು ರೌಂಡ್ ಹೊಡೆದೆ ತಂಗಿ. ಬಾನೆಟ್ ಎತ್ತಿ, ಇಂಜಿನ್ ನೋಡಿ!"

ಮೆಣಸು ಒಳಗೆ ಕೂತು ಸೀಟಿನ ಪಕ್ಕದ ಹಿಡಿ ಎಳೆದಳು. ಹಿಂದೆ ಪೆಟ್ರೋಲ್ ಹಾಕುವ ಮುಚ್ಚಳ ಟಣಕ್ಕನೆ ತೆರೆಯಿತು. ದಲ್ಲಾಳಿ ಹೊಟ್ಟೆ ಹಿಡಿದುಕೊಂಡು ನಕ್ಕ.

"ಬಾನೆಟ್ ಎತ್ತೋಕೂ ಬರಲ್ಲ, ಕಾರು ತಗೊಳ್ಳೋಕೆ ಬಂದುಬಿಟ್ರಿ!"

ಅತ್ತಿಗೆಯ ಕಿವಿ ಕೆಂಪಾಯಿತು. ಮೆಣಸಿನ ಮುಖ ಮಾತ್ರ ಹಾಗೇ ಇತ್ತು.

"ಬರಲ್ಲ," ಎಂದಳು. "ನನಗೆ ಕಾರಿನ ವಿಷಯ ಏನೂ ಗೊತ್ತಿಲ್ಲ. ಹೇಳಿಕೊಡ್ತೀರಾ?"

"ಗೊತ್ತಿಲ್ದೇ ಇರೋದೇ ಒಳ್ಳೇದು ಬಿಡಿ ತಂಗಿ. ಬಣ್ಣ ನೋಡಿ, ಚೆನ್ನಾಗಿಲ್ವಾ?"

ಅವಳು ಬಣ್ಣ ನೋಡಿದಳು. ಕಾಲುಚೀಲದೊಳಗಿನ ಅಯಸ್ಕಾಂತವನ್ನು ಬಾಗಿಲಿಗೆ ತಾಗಿಸಿದಳು, ಕಚ್ಚಿಕೊಂಡಿತು. ಚಾವಣಿಗೆ ತಾಗಿಸಿದಳು, ಕಚ್ಚಿಕೊಂಡಿತು. ಹಿಂದಿನ ಚಕ್ರದ ಮೇಲ್ಗಡೆ ತಾಗಿಸಿ ಕೈ ಬಿಟ್ಟಳು. ಅಯಸ್ಕಾಂತ ಜಾರಿ ನೆಲಕ್ಕೆ ಬಿತ್ತು. ಎತ್ತಿ ಮತ್ತೆ ತಾಗಿಸಿದಳು. ಮತ್ತೆ ಬಿತ್ತು. ಬಣ್ಣದ ಕೆಳಗೆ ಅಲ್ಲಿ ಕಬ್ಬಿಣವಿರಲಿಲ್ಲ, ಗೋಡೆಗೆ ಮೆತ್ತುವಂಥ ಪುಟ್ಟಿ ಇತ್ತು.

"ಮೊಸರಲ್ಲಿ ಕಲ್ಲು ಹುಡುಕ್ತೀರಲ್ಲ," ಎಂದ ದಲ್ಲಾಳಿ. ಈಗ ನಗುತ್ತಿರಲಿಲ್ಲ.

"ಹುಡುಕಲಿಲ್ಲ. ತಾನೇ ಸಿಕ್ತು," ಎಂದು ಮೆಣಸು ಅಯಸ್ಕಾಂತದ ಧೂಳು ಕೊಡವಿದಳು. "ಬನ್ನಿ ಅತ್ತಿಗೆ."

ಕಾರಿನಲ್ಲಿ ಕೂತ ಮೇಲೆ ಹುಡುಗಿ ತಿರುಗಿ ಕೆಂಪು ಕಾರನ್ನು ನೋಡಿದಳು. "ಎಷ್ಟು ಚೆನ್ನಾಗಿತ್ತು ಅತ್ತಿಗೆ," ಎಂದಳು.

"ಹೊಟ್ಟೆಗೆ ಹಿಟ್ಟಿಲ್ಲದಿದ್ರೂ ಜುಟ್ಟಿಗೆ ಮಲ್ಲಿಗೆ ಹೂವು. ನಿಮ್ಮಮ್ಮ ನೋಡಿದ್ರೆ ಹೀಗೇ ಹೇಳ್ತಿದ್ರು."

"ಅಣ್ಣ ಎಲ್ಲಿಗೆ ಹೋದರೂ ಮೊದಲು ಹೇಳ್ತಿದ್ದಿದ್ದು ಅದೇ, ಗೊತ್ತಾ? 'ನನಗೇನೂ ಗೊತ್ತಿಲ್ಲ ಸ್ವಾಮಿ' ಅಂತ. ಕೈಯೆಲ್ಲ ಗ್ರೀಸ್ ಇದ್ರೂ! ಗೊತ್ತಿಲ್ಲ ಅಂದಾಗ ನಗೋನ ಹತ್ತಿರ ತಗೋಬೇಡ, ಹೇಳಿಕೊಡೋನ ಹತ್ತಿರ ತಗೋ ಅಂತಿದ್ದ. ಅವನು ಸುಳ್ಳು ಹೇಳಬೇಕಾಗಿತ್ತು. ನನಗೆ ನಿಜ ಹೇಳಿದ್ರೆ ಸಾಕು."

ನಾಲ್ಕು ವರ್ಷ ಜೊತೆಗಿದ್ದೂ ಅತ್ತಿಗೆಗೆ ಇದು ತಿಳಿದಿರಲಿಲ್ಲ. ರಸ್ತೆ ನೋಡುತ್ತ ಒಂದು ಸಲ ತಲೆಯಾಡಿಸಿದಳು.

ನೀಲಿ ಕಾರು ವಸತಿ ಕಟ್ಟಡವೊಂದರ ನೆಲಮಾಳಿಗೆಯಲ್ಲಿತ್ತು. ಬಿಸಿಲಿಗೆ ಬಣ್ಣ ಮಾಸಿತ್ತು, ಮುಂದಿನ ಬಂಪರಿಗೆ ಒಂದು ಗೀರು. ಬಾನೆಟ್ ಮಡಕೆಯ ನೀರಿನಷ್ಟು ತಣ್ಣಗಿತ್ತು. ಮೆಣಸು ಹಿಡಿ ಎಳೆದಳು. ಇಲ್ಲಿಯೂ ಪೆಟ್ರೋಲಿನ ಮುಚ್ಚಳವೇ ತೆರೆಯಿತು.

"ನನಗೆ ಏನೂ ಗೊತ್ತಿಲ್ಲ ಆಂಟಿ," ಎಂದಳು.

ಐವತ್ತು ದಾಟಿದ್ದ ನರ್ಸಮ್ಮ ಕನ್ನಡಕ ಮೇಲಕ್ಕೇರಿಸಿದರು. "ನನಗೂ ಮೊದಲು ಗೊತ್ತಿರಲಿಲ್ಲ ಮಗಳೇ. ಈ ಕಡೆ ಬಗ್ಗು. ಸ್ಟೇರಿಂಗಿನ ಕೆಳಗೆ ಕೈ ಹಾಕು. ಹಾಂ, ಅದೇ. ಈಗ ಇಳಿದು ಬಾ." ಬಾನೆಟ್ಟಿಗೆ ಕೋಲು ಕೊಟ್ಟರು. ಇಂಜಿನ್ನಿನಿಂದ ಎಣ್ಣೆ ಅಳೆಯುವ ಕಡ್ಡಿ ಹಿರಿದು, ಒರೆಸಿ, ಮತ್ತೆ ಅದ್ದಿ, ರೋಗಿಗೆ ಥರ್ಮಾಮೀಟರ್ ತೋರಿಸುವಂತೆ ಬೆಳಕಿಗೆ ಹಿಡಿದರು. "ಈ ಎರಡು ಗೆರೆ ಮಧ್ಯ ಇರಬೇಕು. ಕ್ಲಚ್ ಗಟ್ಟಿ, ಮೊದಲೇ ಹೇಳ್ತೀನಿ. ಬೆಳಗ್ಗೆ ತಣ್ಣಗಿದ್ದಾಗ ಎರಡನೇ ಗಿಯರ್ ಹಲ್ಲು ಕಡಿಯುತ್ತೆ. ಮಂಡಿ ನೋವಿಲ್ದಿದ್ರೆ ನಾನಿದನ್ನ ಕೊಡ್ತಾನೇ ಇರಲಿಲ್ಲ. ರಾತ್ರಿ ಪಾಳಿ ಮುಗಿಸಿ ಖಾಲಿ ರಸ್ತೇಲಿ ಬರೋವಾಗ ಇದು ಓಡೋ ಓಟ... ಬಿಡು, ನರ್ಸು ಹೇಳೋ ಮಾತಲ್ಲ."

ಅಯಸ್ಕಾಂತ ಎಲ್ಲಿ ತಾಗಿಸಿದರೂ ಕಚ್ಚಿಕೊಂಡಿತು.

ಓಡಿಸಿ ನೋಡುವಾಗ ಅತ್ತಿಗೆ ಪಕ್ಕದಲ್ಲಿ ಕೂತಳು. ಎರಡನೇ ಗಿಯರ್ ಹೇಳಿದ ಹಾಗೇ ಹಲ್ಲು ಕಡಿಯಿತು. ನಂತರ ನೇರ ರಸ್ತೆ ಸಿಕ್ಕಿತು, ಮೂರನೆಯದು ಬಿತ್ತು, ಕಾರು ಮುಂದಕ್ಕೆ ಹಾರಿತು. ಮೆಣಸು ಗಹಗಹಿಸಿ ನಕ್ಕಳು. ಎಂಟು ದಿನಗಳಲ್ಲಿ ಆ ಮನೆಯವರ ಬಾಯಿಂದ ಬಂದ ಮೊದಲ ನಗು ಅದು. ಥಟ್ಟನೆ ತುಟಿ ಕಚ್ಚಿಕೊಂಡು ಅತ್ತಿಗೆಯ ಕಡೆ ನೋಡಿದಳು.

"ರಸ್ತೆ ನೋಡು," ಎಂದಳು ಅತ್ತಿಗೆ. "ನಗು. ಪರವಾಗಿಲ್ಲ, ನಗು."

ವಾಪಸು ಬಂದು ನಿಲ್ಲಿಸಿದ ಮೇಲೆ ಮೆಣಸು, "ಇದೇ," ಎಂದಳು. ಆಮೇಲೆ, "ಮೇಸ್ತ್ರಿಗೊಂದು ಸಲ ತೋರಿಸಬಹುದಾ ಆಂಟಿ?"

"ತೋರಿಸದೇ ತಗೊಳ್ತೀನಿ ಅಂದಿದ್ರೆ ನಾನೇ ಕೊಡ್ತಿರಲಿಲ್ಲ. ನಿಮ್ಮ ಕಾರು ಒತ್ತೆ ಇರಲಿ, ಹೋಗಿಬನ್ನಿ."

ಗ್ಯಾರೇಜಿನಲ್ಲಿ ಮೆಣಸು ತಾನೇ ಇಳಿದು, ತಾನೇ ಬಾನೆಟ್ ಎತ್ತಿ ಕೋಲು ಕೊಟ್ಟಳು. ಮೇಸ್ತ್ರಿ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೂ ಹಿಡಿಯನ್ನು ಕಿವಿಗೂ ಇಟ್ಟು ಕೇಳಿದರು. ಕಾರಿನ ಕೆಳಗೆ ನುಸುಳಿ, ಬಹಳ ಹೊತ್ತಾದ ಮೇಲೆ ಹೊರಬಂದರು.

"ಕ್ಲಚ್ ಪ್ಲೇಟ್ ಬದಲಾಯಿಸಬೇಕು. ಗಿಯರಿನ ಒಂದು ರಿಂಗು ಸವೆದಿದೆ, ಎರಡೂ ನಾಳೆ ಮಾಡ್ಕೊಡ್ತೀನಿ. ಮಿಕ್ಕಿದ್ದೆಲ್ಲ ಕಲ್ಲುಗುಂಡು." ಬಟ್ಟೆಯಲ್ಲಿ ಕೈ ಒರೆಸುತ್ತ ಕೇಳಿದರು, "ಇದನ್ನ ಆರಿಸಿಟ್ಟುಹೋಗಿದ್ನಾ ಅವನು?"

"ಇಲ್ಲ. ಎರಡು ಗೊತ್ತುಮಾಡಿದ್ರು ಅಷ್ಟೇ. ಆರಿಸಿದ್ದು ನಮ್ಮ ಹುಡುಗಿ," ಎಂದಳು ಅತ್ತಿಗೆ. ಹೇಳುವಾಗ ಧ್ವನಿ ತಾನಂದುಕೊಂಡದ್ದಕ್ಕಿಂತ ಜೋರಾಯಿತು. ಆಚೆ ಟೈರು ಬಿಚ್ಚುತ್ತಿದ್ದವನೂ ತಿರುಗಿ ನೋಡಿದ. ಅವಳಿಗೆ ತಕ್ಷಣ ಹಸಿವಾಯಿತು. ಎಷ್ಟೋ ದಿನದ ಹಸಿವು.

ಮೆಣಸು ಆಗಲೇ ಅಮ್ಮನಿಗೆ ಫೋನು ಮಾಡಿ, "ನೀಲಿ, ನೀಲಿ! ಇಲ್ಲಮ್ಮ, ಹಾಸ್ಟೆಲ್ಲಿಗೆ ನೀನೇ ಹೋಗು!" ಎಂದು ಕೂಗುತ್ತಿದ್ದಳು.

ಅತ್ತಿಗೆ ಸೀಟಿನ ಮೇಲಿದ್ದ ಕಾಲುಚೀಲದಿಂದ ಅಯಸ್ಕಾಂತ ತೆಗೆದು ಮೇಸ್ತ್ರಿಯ ಮುಂದೆ ಹಿಡಿದಳು.

"ಇದು ನಿಮ್ಮದು. ಅವರು ತಂದಿದ್ದರು."

ಮೇಸ್ತ್ರಿ ಕೈ ಚಾಚಲಿಲ್ಲ. "ಇರಲಿ ಬಿಡಮ್ಮ. ಅವನ ನೆನಪಿಗೆ ಇಟ್ಕೊಳ್ಳಿ."

"ಬೇಡ ಮೇಸ್ತ್ರಿ. ಎರವಲು ತಂದದ್ದು ಮನೇಲಿ ಉಳಿದ್ರೆ ಅವರಿಗೆ ಸರಿಹೋಗ್ತಿರಲಿಲ್ಲ. ಇನ್ನೊಂದು ಸಲ ಬೇಕಾದ್ರೆ ಇವಳೇ ಬಂದು ಕೇಳ್ತಾಳೆ."

ಗೋಡೆಗೆ ಹೊಡೆದಿದ್ದ ತಗಡಿನ ಹಲಗೆಯ ಮೇಲೆ ಪ್ರತಿ ಹತಾರದ ಸುತ್ತಲೂ ಸೀಮೆಸುಣ್ಣದಲ್ಲಿ ಗೆರೆ ಎಳೆದಿತ್ತು. ಒಂದು ಗೆರೆಯೊಳಗೆ ಮಾತ್ರ ಏನೂ ಇರಲಿಲ್ಲ. ಅವಳು ಅಯಸ್ಕಾಂತವನ್ನು ಅಲ್ಲಿಗೆ ಒಯ್ದಳು. ಕೈ ಬಿಡುವ ಮೊದಲೇ ಅದು ಹಲಗೆಯನ್ನು ಕಚ್ಚಿಕೊಂಡಿತು.

ಕಾಲುಚೀಲವನ್ನು ಮಡಿಸಿ ಜೇಬಿಗೆ ಹಾಕಿಕೊಂಡಳು. ಅದು ಎರವಲಿನದಲ್ಲ.