ತುಂಬು ಹಾಜರಿ

ಇಂಗ್ಲೆಂಡಿನ ಹಲ್ ಬಂದರಿನ ಮೀನಿನ ಶೀತಗೃಹದಲ್ಲಿ ರಾತ್ರಿ ಪಾಳಿ ಮುಗಿಸಿ ಬಂದ ಗ್ಯಾರೆತ್, ಮಲಗುವ ಮೊದಲು ಮಗಳು ಬ್ರಯನಿಗೆ ಜಡೆ ಹೆಣೆದು, ಬ್ರೆಡ್ಡಿಗೆ ಬೆಣ್ಣೆ ಸವರಿ ಡಬ್ಬಿಗೆ ಹಾಕಿ, ಶಾಲೆಯ ಗೇಟಿನವರೆಗೆ ಬಿಟ್ಟು ಹೋಗುತ್ತಿದ್ದ. ಹೆಂಡತಿ ಲಿಂಡ್ಸೆ ಬೆಳಕು ಹರಿಯುವ ಮುಂಚೆ ಬೇಕರಿ ಕೆಲಸಕ್ಕೆ ಹೋಗುವವಳು. ನಾನು ಅವರ ನೆರೆಯವಳು; ಆ ಶಾಲೆಯ ಕಚೇರಿಯಲ್ಲಿ ಹತ್ತೊಂಬತ್ತು ವರ್ಷದಿಂದ ಹಾಜರಿ ಬರೆಯುತ್ತಿರುವವಳು.

ನಮ್ಮಲ್ಲೊಂದು ಹುಚ್ಚಿದೆ, ತುಂಬು ಹಾಜರಿಯ ಹುಚ್ಚು. ಒಂದು ದಿನವೂ ತಪ್ಪಿಸದ ಮಕ್ಕಳಿಗೆ ವರ್ಷದ ಕೊನೆಗೆ ಪ್ರಶಸ್ತಿಪತ್ರ. ಜ್ವರದ ಕೂಸಿಗೆ ಔಷಧಿ ಕುಡಿಸಿ ಕಳಿಸುವ ತಾಯಂದಿರನ್ನು ನಾನು ಕಂಡಿದ್ದೇನೆ, ಹೊಗಳಿಯೂ ಇದ್ದೇನೆ. ಗ್ಯಾರೆತ್‌ನ ತಾಯಿ ಎನಿಡ್, ಮಗ ಗಳಿಸಿದ್ದ ಏಳು ಪತ್ರಗಳಿಗೂ ಚೌಕಟ್ಟು ಹಾಕಿಸಿ ಇಟ್ಟುಕೊಂಡಿದ್ದಳು.

ಏಪ್ರಿಲ್‌ನಲ್ಲಿ ಗ್ಯಾರೆತ್‌ಗೆ ಕ್ಯಾನ್ಸರ್ ಎಂದು ತಿಳಿಯಿತು. ಜೂನ್‌ನಲ್ಲಿ ಶುರುವಾಗುವ ಬೇಸಿಗೆ ಕಳೆಯುವುದು ಕಷ್ಟ ಎಂದರು ವೈದ್ಯರು. ಅವನಿಗೊಂದೇ ಆಸೆ: ಕಾಲಲ್ಲಿ ಶಕ್ತಿ ಇರುವಾಗಲೇ, ಜೂನ್ ಮೊದಲಲ್ಲಿ, ಮಗಳೊಂದಿಗೆ ಉತ್ತರದ ಕಡಲತೀರದಲ್ಲಿ ಒಂದು ವಾರ ಇದ್ದು ಬರಬೇಕು. ಲಿಂಡ್ಸೆ ಅರ್ಜಿ ತಂದುಕೊಟ್ಟಳು. ಕಾರಣದ ಜಾಗದಲ್ಲಿ ‘ಅಪ್ಪನ ಜೊತೆ ಸಮುದ್ರಕ್ಕೆ’ ಎಂದು ಪ್ರಾಮಾಣಿಕವಾಗಿ ಬರೆದಿದ್ದಳು.

ಮುಖ್ಯೋಪಾಧ್ಯಾಯ ಪ್ರಿಚರ್ಡ್ ಕೆಟ್ಟವರಲ್ಲ. ಅರ್ಜಿಯನ್ನು ಎರಡು ಸಲ ಓದಿದರು. ಇದು ಪ್ರವಾಸವಾಗುತ್ತದೆ, ವಿಶೇಷ ಕಾರಣವಿಲ್ಲದೆ ಪಾಠದ ದಿನಗಳಲ್ಲಿ ರಜೆ ಕೊಡುವಂತಿಲ್ಲ, ಒಬ್ಬರಿಗೆ ಕೊಟ್ಟರೆ ಹತ್ತು ಜನ ಸಾಲು ನಿಲ್ಲುತ್ತಾರೆ ಎಂದರು.

“ಸಾವಿಗಿಂತ ವಿಶೇಷ ಕಾರಣ ಇನ್ನೇನಿದೆ ಸರ್?” ಎಂದೆ.

“ಆತ ಇನ್ನೂ ಸತ್ತಿಲ್ವಲ್ಲ, ಮೋರೀನ್. ಜುಲೈ ಕೊನೇಲಿ ಹೇಗೂ ರಜೆ ಬರುತ್ತೆ.”

ನಿರಾಕರಣೆಯ ಪತ್ರವನ್ನು ಟೈಪ್ ಮಾಡಿದವಳು ನಾನೇ. ಅದನ್ನು ಮನೆಗೆ ತಲುಪಿಸಿದವಳೂ ನಾನೇ. ಒಪ್ಪಿಗೆಯಿಲ್ಲದೆ ಶಾಲೆ ತಪ್ಪಿಸಿದರೆ ಹೆತ್ತವರಿಗೆ ದಂಡ; ಅದು ಬಿದ್ದರೂ ಸರಿ, ಹೋಗಿಯೇ ಬಿಡೋಣ ಎಂದಳು ಲಿಂಡ್ಸೆ. ಎನಿಡ್ ಒಪ್ಪಲಿಲ್ಲ.

“ನಮ್ಮ ಮನೇಲಿ ಕದ್ದು ಶಾಲೆ ತಪ್ಪಿಸಿದೋರು ಯಾರೂ ಇಲ್ಲ. ಮಗೂ ಹೆಸರಿಗೆ ಕಪ್ಪು ಚುಕ್ಕೆ ಬೇಡ. ಜುಲೈ ತನಕ ತಡ್ಕೊಳ್ಳೋಕೆ ನಿಮಗೇನು ಧಾಡಿ?”

“ಅಮ್ಮಾ, ನನಗೆ ಜುಲೈ ಇಲ್ಲ,” ಎಂದ ಗ್ಯಾರೆತ್.

“ಅಪಶಕುನದ ಮಾತು ಆಡಬೇಡ. ಟೀ ಕುಡಿ.”

ಎಲ್ಲರೂ ನನ್ನತ್ತ ನೋಡಿದರು. ಹೊರಡಿ ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ಕಾಯುವುದೇ ಒಳ್ಳೆಯದೇನೋ ಎಂದುಬಿಟ್ಟೆ. ಶಾಲೆಯವಳ ಮಾತು ಎಂದು ಲಿಂಡ್ಸೆ ಹೋಗುವ ಯೋಚನೆ ಬಿಟ್ಟಳು.

ಜೂನ್ ಅರ್ಧ ಕಳೆಯುವಷ್ಟರಲ್ಲಿ ಗ್ಯಾರೆತ್ ಹಾಸಿಗೆ ಹಿಡಿದ. ಬ್ರಯನಿ ದಿನವೂ ಶಾಲೆಗೆ ಬಂದಳು. ಈಗ ಜಡೆ ಇರಲಿಲ್ಲ, ಕೂದಲನ್ನು ರಬ್ಬರ್ ಬ್ಯಾಂಡಿನಲ್ಲಿ ಸಿಕ್ಕಿಸಿಕೊಂಡಿರುತ್ತಿದ್ದಳು. ಜುಲೈ ಒಂಬತ್ತರ ಮಧ್ಯಾಹ್ನ ಲಿಂಡ್ಸೆ ಫೋನ್ ಮಾಡಿ, ಮಗುವನ್ನು ಬೇಗ ಕರೆತಾ ಎಂದಳು. ತರಗತಿಯಲ್ಲಿ ಲೆಕ್ಕದ ಪರೀಕ್ಷೆ ನಡೆಯುತ್ತಿತ್ತು. ಇನ್ನು ಹತ್ತೇ ನಿಮಿಷ ಎಂದು ಟೀಚರ್ ಸನ್ನೆ ಮಾಡಿದರು. ಅಭ್ಯಾಸಬಲ, ನಾನು ಬಾಗಿಲಲ್ಲೇ ನಿಂತೆ.

ನಾವು ಓಡಿಬಂದಾಗ, ಸಾವಿನ ಮನೆಯ ಗುರುತಾಗಿ ಕಿಟಕಿಯ ಪರದೆ ಎಳೆದಾಗಿತ್ತು. ಎನಿಡ್ ಮೆಟ್ಟಿಲ ಮೇಲೆ ಕುಳಿತು, “ಜುಲೈ ಬಂತಲ್ಲಾ, ಬಂತಲ್ಲಾ” ಎನ್ನುತ್ತಿದ್ದಳು. ಬ್ರಯನಿ ಅಪ್ಪನ ಕೈ ಮುಟ್ಟಿ ನೋಡಿ ನನ್ನತ್ತ ತಿರುಗಿದಳು.

“ಇವತ್ತು ನಾನು ಶಾಲೆಗೆ ಬರದೇ ಇದ್ದಿದ್ರೆ ಅಪ್ಪನ ಹತ್ರ ಇರ್ತಿದ್ದೆ, ಅಲ್ವಾ?”

ಊಟದ ನಂತರದ ಹಾಜರಿ ಆಗಲೇ ಆಗಿದ್ದರಿಂದ ಪುಸ್ತಕದಲ್ಲಿ ಅವಳಿಗೆ ಆ ದಿನವೂ ಪೂರ್ತಿ ಹಾಜರಿ. ಅಂತ್ಯಕ್ರಿಯೆಗೆ ಒಂದು ದಿನ ರಜೆ ಮಂಜೂರಾಯಿತು.

ಅಕ್ಟೋಬರಿನಲ್ಲಿ ಲಿಥುವೇನಿಯಾದ ಒಬ್ಬ ತಾಯಿ ಅರ್ಜಿ ತಂದಳು. ಊರಲ್ಲಿ ಅವಳ ತಾಯಿ ಸಾವಿನ ಅಂಚಿನಲ್ಲಿದ್ದಳು, ಮಕ್ಕಳಿಬ್ಬರನ್ನೂ ಕರೆದೊಯ್ಯಬೇಕಿತ್ತು. ಪ್ರಿಚರ್ಡ್ ಅದರ ಮೇಲೆ ‘ಸಾಧ್ಯವಿಲ್ಲ’ ಎಂದು ಬರೆದು ನನಗೆ ಕೊಟ್ಟರು. ನಾನು ಅದನ್ನು ಅವರ ಮೇಜಿನ ಮೇಲೆ ವಾಪಸಿಟ್ಟೆ.

“ಇದನ್ನ ನಾನು ಟೈಪ್ ಮಾಡಲ್ಲ ಸರ್.”

“ನಿಯಮ ನಾನು ಮಾಡಿದ್ದಲ್ಲ.”

“ಯಾವುದು ವಿಶೇಷ ಕಾರಣ ಅಂತ ತೀರ್ಮಾನಿಸೋರು ನೀವೇ. ಆಕೆ ಹೊರಗೆ ಕೂತಿದ್ದಾಳೆ. ಆಗಲ್ಲ ಅನ್ನೋದಾದ್ರೆ ನೀವೇ ಹೋಗಿ, ಮುಖ ನೋಡಿ ಹೇಳಿ. ನನ್ನ ಕೆಲಸ ಹೋದ್ರೆ ಹೋಗಲಿ.”

ಅವರು ಅರ್ಜಿಯನ್ನು ಮತ್ತೊಮ್ಮೆ ಓದಿದರು. ಆಮೇಲೆ ಎದ್ದು, ಅದನ್ನು ಹಿಡಿದುಕೊಂಡೇ ಹೊರಗೆ ಹೋಗಿ ಆಕೆಯ ಪಕ್ಕದ ಕುರ್ಚಿಯಲ್ಲಿ ಕುಳಿತರು.

“ನಿಮ್ಮ ತಾಯಿ ಹೇಗಿದ್ದಾರಮ್ಮ ಈಗ?” ಎಂದು ಕೇಳಿದ್ದು ನನಗೆ ಒಳಗೆ ಕೇಳಿಸಿತು.