ಹಾವಿನ ಮೈಯ ನುಸಿ

ಸೆಕಾರ್ ಎಂಬ ಹಾವು ಮೂರು ದಿನದಿಂದ ನೀರಿನ ಬಟ್ಟಲು ಬಿಟ್ಟು ಎದ್ದಿರಲಿಲ್ಲ. ಕುಂಚೊರೊ ಎರಡೂ ಕೈಗಳಿಂದ ಹಾವನ್ನು ಎತ್ತಿ ತೊಡೆಯ ಮೇಲೆ ಹಾಕಿಕೊಂಡ. ಬಟ್ಟಲಿನ ತಳದಲ್ಲಿ ಮೆಣಸಿನ ಪುಡಿ ಉದುರಿಸಿದಂತೆ ಕಪ್ಪು ಚುಕ್ಕೆಗಳಿದ್ದವು. ಬೆರಳದ್ದಿ ಒಂದನ್ನು ಬಿಳಿ ಕಾಗದದ ಮೇಲಿಟ್ಟು ನೋಡಿದ. ಚುಕ್ಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, ಆಮೇಲೆ ನಡೆಯತೊಡಗಿತು.

ಅವನು ಮೊದಲು ಮಾಡಿದ ಕೆಲಸವೆಂದರೆ ಕೋಣೆಯ ಬಾಗಿಲು ಹಾಕಿದ್ದು.

ಐವತ್ತಾರು ವರ್ಷದ ಕುಂಚೊರೊ ಸೋಲೊ ಎಂಬ ಪಟ್ಟಣದಲ್ಲಿ ಬೈಕುಗಳ ಸೀಟು ಹೊಲಿದು ಬದುಕುವವ. ಆದರೆ ಜನ ಅವನನ್ನು ಗುರುತಿಸುತ್ತಿದ್ದದ್ದು ಹಾವುಗಳಿಂದ. ಭಾನುವಾರ ಬೆಳಿಗ್ಗೆ ದೊಡ್ಡ ರಸ್ತೆಗೆ ವಾಹನ ಬಿಡುತ್ತಿರಲಿಲ್ಲ. ಆಗ ಹಾವು ಸಾಕುವ ಇಪ್ಪತ್ತು ಮೂವತ್ತು ಮಂದಿ ಮರದ ನೆರಳಿನಲ್ಲಿ ಸೇರುತ್ತಿದ್ದರು. ಪೊರೆ ಅರ್ಧಕ್ಕೆ ನಿಂತಿದೆ, ಕಣ್ಣಿನ ಮೇಲೆ ಹಳೇ ಪೊರೆ ಉಳಿದಿದೆ, ಹೊಟ್ಟೆಯ ಹುರುಪೆ ಕೆಂಪಗಾಗಿದೆ ಎಂದು ಯಾರೇ ಬಂದರೂ ಕನ್ನಡಕ ಮೂಗಿನ ತುದಿಗೆ ಇಳಿಸಿಕೊಂಡು ನೋಡುತ್ತಿದ್ದವನು ಅವನೇ. "ಕಣ್ಣಿನ ಪೊರೆ ಕೀಳಬೇಡಿ. ಒದ್ದೆ ಬಟ್ಟೆ ಹಾಕಿ ಬಿಡಿ, ಅದೇ ಬಿಡುತ್ತೆ," ಎನ್ನುತ್ತಿದ್ದ. ಹಿರಿಯನೆಂದು ಎಲ್ಲರೂ ಅವನನ್ನು 'ಪಾಕ್' ಎನ್ನುತ್ತಿದ್ದರು, ಅವನ ಮಾತೆಂದರೆ ಅಲ್ಲಿ ಕೊನೆಯ ಮಾತು.

ಮೂರು ವಾರದ ಹಿಂದೆ ಅದೇ ನೆರಳಿನಲ್ಲಿ ವಿಜಿ ತನ್ನ ಹಾವನ್ನು ಅವನ ಮುಂದೆ ಹಿಡಿದಿದ್ದಳು. ಮೂವತ್ತರ ಹೆಂಗಸು, ಅವನ ಮನೆಯಿಂದ ಎರಡು ಬೀದಿ ಆಚೆ ಲಾಂಡ್ರಿ ಇಟ್ಟುಕೊಂಡವಳು. ಮೆಲಾತಿ ಎಂಬ ಅವಳ ಹಾವು ಅಂಗೈ ಮೇಲೆ ಚೆಂಡಿನಂತೆ ಸುತ್ತಿಕೊಂಡಿತ್ತು, ಮೈ ತುಂಬ ರಕ್ತ ಹೀರುವ ನುಸಿ. ಸುತ್ತ ಜನ ನಿಂತಿದ್ದರು. ಜನ ನಿಂತಾಗ ಕುಂಚೊರೊನ ನಾಲಗೆ ಸ್ವಲ್ಪ ಉದ್ದವಾಗುತ್ತಿತ್ತು.

"ಏನು ತಂಗೀ, ಊರವರ ಬಟ್ಟೆಯನ್ನೆಲ್ಲ ಒಗೀತೀಯ, ನಿನ್ನ ಹಾವಿನ ಪೆಟ್ಟಿಗೆ ಒಗೆಯೋಕೆ ಪುರುಸೊತ್ತಿಲ್ವಾ? ಇದು ಹಾವೋ ಎಳ್ಳುಂಡೆಯೋ?"

ಎಲ್ಲರೂ ಬಿದ್ದು ಬಿದ್ದು ನಕ್ಕರು. ಕುಂಚೊರೊನ ಗೆಳೆಯ ಪರ್ಮಾದಿ ಅದನ್ನು ಫೋನಿನಲ್ಲಿ ಹಿಡಿದು ಊರಿಗೆಲ್ಲ ಹಂಚಿದ. ವಿಜಿ ಹಾವನ್ನು ಚೀಲಕ್ಕೆ ಬಿಟ್ಟು, ಬಾಯಿ ಕಟ್ಟಿ ಹೊರಟುಹೋದಳು. ಮತ್ತೆ ಬರಲಿಲ್ಲ.

ಈಗ ಕುಂಚೊರೊ ಸೆಕಾರ್‌ನ ಗದ್ದದ ಕೆಳಗಿನ ಗೀರನ್ನು ಬೆಳಕಿಗೆ ಹಿಡಿದ. ಅಲ್ಲೂ ಇದ್ದವು, ಕಣ್ಣಿನ ಅಂಚಿನಲ್ಲೂ ಇದ್ದವು. ಅವನ ದೃಷ್ಟಿ ಗೋಡೆಯ ಮೇಲಿನ ಪೆಟ್ಟಿಗೆಗೆ ಹೋಯಿತು. ಎರಡು ತಿಂಗಳ ಹಿಂದೆ ಸಂತೆಯಲ್ಲಿ ಕೊಂಡ ಕಪ್ಪು ಹಾವು ಅದರಲ್ಲಿತ್ತು. ಮುಚ್ಚಳ ತೆಗೆದ. ಕಪ್ಪು ಮೈ ಮೇಲೆ ನುಸಿ ಕಾಣುತ್ತಿರಲಿಲ್ಲ, ಆದರೆ ಬೂದಿ ಚೆಲ್ಲಿದಂತೆ ಬಿಳಿ ಹುಡಿ ಕಾಣುತ್ತಿತ್ತು. ಅದು ನುಸಿಯ ಹಿಕ್ಕೆ. ಇಷ್ಟು ಸೇರಬೇಕಾದರೆ ವಾರಗಟ್ಟಲೆ ಆಗಿರಬೇಕು.

ಹೊಸ ಹಾವನ್ನು ನಲವತ್ತು ದಿನ ಬೇರೆ ಕೋಣೆಯಲ್ಲಿಡಬೇಕು, ಯಾರ ಕೈಗೂ ಕೊಡಬಾರದು. ಇದನ್ನು ಅವನು ನೂರು ಸಲ ಬೋಧಿಸಿದ್ದ. ಆದರೆ ಕಪ್ಪು ಹಾವು ತಂದ ಮೂರನೇ ದಿನವೇ ಭಾನುವಾರ ಬಂದಿತ್ತು. ಅಂಥ ಬಣ್ಣ ಪಟ್ಟಣದಲ್ಲಿ ಯಾರ ಹತ್ತಿರವೂ ಇರಲಿಲ್ಲ. ಅವನಿಗೆ ತಡೆದುಕೊಳ್ಳಲಾಗಲಿಲ್ಲ. ಮೆರವಣಿಗೆ ಮಾಡಿಸುವಂತೆ ಅಲ್ಲಿಗೆ ಒಯ್ದು ಮೊದಲು ಕೊಟ್ಟದ್ದು ವಿಜಿಯ ಕೈಗೆ. ಆಗ ಮೆಲಾತಿ ಅವಳ ಮಡಿಲಿನಲ್ಲೇ ಇತ್ತು. ಎರಡೂ ಹಾವುಗಳನ್ನು ಒಟ್ಟಿಗೆ ಮಲಗಿಸಿಕೊಂಡು ಅವಳು, "ಅಕ್ಕ ತಂಗಿ ಥರ ಇದಾವೆ ನೋಡಿ, ಪಾಕ್," ಎಂದಿದ್ದಳು.

"ಬಾಗಿಲು ಯಾಕೆ ಹಾಕ್ಕೊಂಡ್ರಿ?" ಹೊರಗಿನಿಂದ ಹೆಂಡತಿ ಲಾಸ್ಮಿನಿಯ ದನಿ ಬಂತು.

"ಏನಿಲ್ಲ. ಗಾಳಿಗೆ ಹಾಕ್ಕೊಂಡಿತು."

ಪಟ್ಟಣದಲ್ಲಿ ಹಾವು ನೋಡುವ ಪಶುವೈದ್ಯ ಒಬ್ಬನೇ, ಡಾಕ್ಟರ್ ಬಸ್ಕೊರೊ. ಅವನೂ ಭಾನುವಾರದ ಗುಂಪಿನವನೇ. ಅವನಿಗೆ ತಿಳಿದರೆ ಎಲ್ಲರಿಗೂ ತಿಳಿದಂತೆ. ಹಾಗಾಗಿ ಕುಂಚೊರೊ ಬೇರೆಯವರಿಗೆ ಯಾವುದನ್ನು ಮಾಡಬೇಡಿ ಎನ್ನುತ್ತಿದ್ದನೋ ಅದನ್ನೇ ಮಾಡಿದ. ಪಕ್ಕದ ಮನೆಯವರು ಕೋಳಿಗೂಡಿಗೆ ಹೊಡೆಯುವ ಹೇನಿನ ಔಷಧಿ ತಂದು, ನೀರು ಬೆರೆಸಿ, ಬಟ್ಟೆಯಲ್ಲಿ ಅದ್ದಿ ಸೆಕಾರ್‌ನ ಮೈ ಒರೆಸಿದ. ಕಡಿಮೆ ಬೆರೆಸಿದ್ದೇನೆ, ಏನಾಗಲ್ಲ ಎಂದು ತನಗೆ ತಾನೇ ಹೇಳಿಕೊಂಡ.

ಮಾರನೆಯ ದಿನ ಬೆಳಿಗ್ಗೆ ಸೆಕಾರ್‌ನ ತಲೆ ಅಲ್ಲಾಡುತ್ತಿತ್ತು. ಎತ್ತಿ ಹಿಡಿದರೆ ಕತ್ತು ನೇರ ನಿಲ್ಲದೆ ಪಕ್ಕಕ್ಕೆ ವಾಲುತ್ತಿತ್ತು. ಹೊಟ್ಟೆಯ ಹುರುಪೆಗಳು ಕೆಂಪಾಗಿ ಅಲ್ಲಲ್ಲಿ ಗುಳ್ಳೆ ಎದ್ದಿದ್ದವು. ಒಂಬತ್ತು ವರ್ಷ ಅವನ ಕೈಯಿಂದಲೇ ತಿಂದು ಬೆಳೆದ ಹಾವು. ಕುಂಚೊರೊ ಡಾಕ್ಟರಿಗೆ ಫೋನು ಮಾಡಿ ಎಲ್ಲವನ್ನೂ ಹೇಳಿದ. ಎಲ್ಲವನ್ನೂ ಅಂದರೆ, ಕಪ್ಪು ಹಾವಿನ ವಿಷಯ ಬಿಟ್ಟು.

"ಕೋಳಿ ಔಷಧೀನಾ? ನೀವಾ ಪಾಕ್?" ಎಂದ ಡಾಕ್ಟರ್. "ಈಗಲೇ ಉಗುರುಬೆಚ್ಚಗಿನ ನೀರಲ್ಲಿ ತೊಳೀರಿ. ನಾನು ಸುರಬಾಯಾದಲ್ಲಿದೀನಿ, ಬರೋದು ಗುರುವಾರ. ತೊಳೆದು ವಿಜಿ ಹತ್ರ ತಗೊಂಡು ಹೋಗಿ."

"ಯಾವ ವಿಜಿ?"

"ನಿಮ್ಮ ಮನೆ ಹತ್ರದ ಲಾಂಡ್ರಿ ವಿಜಿ. ಮೆಲಾತಿಗೆ ಕೊಟ್ಟ ಔಷಧಿ ಇನ್ನೂ ಇರುತ್ತೆ. ಅವಳ ಕೈ ಚೆನ್ನಾಗಿದೆ. ನಾನೂ ಅವಳಿಗೆ ಫೋನ್ ಮಾಡಿ ಹೇಳ್ತೀನಿ."

ಯಾವ ವಿಜಿ ಎಂದು ಕೇಳಿದ್ದಕ್ಕೆ ಅವನಿಗೇ ನಾಚಿಕೆಯಾಯಿತು.

ಲಾಂಡ್ರಿಯಲ್ಲಿ ವಿಜಿ ಒಬ್ಬಳೇ ಇಸ್ತ್ರಿ ಮಾಡುತ್ತಿದ್ದಳು. ಹತ್ತು ಗಂಟೆಯ ಹೊತ್ತು, ಬಟ್ಟೆಗಳು ತುಂಬಿರಬೇಕಾದ ಹಲಗೆಗಳಲ್ಲಿ ನಾಲ್ಕೈದು ಪೊಟ್ಟಣಗಳಷ್ಟೇ ಇದ್ದವು. ಕುಂಚೊರೊ ಚೀಲ ಎದೆಗವಚಿಕೊಂಡು ಹೊಸ್ತಿಲಲ್ಲೇ ನಿಂತ.

"ಡಾಕ್ಟರ್ ಹೇಳಿದ್ರು. ಒಳಗೆ ಬನ್ನಿ," ಎಂದಳು ಇಸ್ತ್ರಿಪೆಟ್ಟಿಗೆ ಆರಿಸುತ್ತ. ಹಲಗೆಗಳತ್ತ ಅವನು ನೋಡಿದ್ದನ್ನು ಗಮನಿಸಿ, "ವಿಡಿಯೋ ನೋಡಿದ ಮೇಲೆ ಅರ್ಧ ಜನ ಬಿಟ್ರು. ಹಾವಿನ ಹೇನು ಬಟ್ಟೆಗೆ ಬರುತ್ತಂತೆ," ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ, ಅಂಗಡಿಯ ಸಮಯ ಹೇಳುವ ಹಾಗೆ ಹೇಳಿದಳು.

ಹಿಂದಿನ ಕೋಣೆಯಲ್ಲಿ ಅಗಲ ಬೋಗುಣಿಗೆ ನೀರು ತುಂಬಿ ಮೊಣಕೈಯಿಂದ ಶಾಖ ನೋಡಿದಳು. ಸೆಕಾರ್‌ನ ತಲೆಯನ್ನು ಬೆರಳುಗಳ ನಡುವೆ ನೀರಿನ ಮೇಲೆ ಎತ್ತಿ ಹಿಡಿದು ಮೈಯನ್ನು ಮತ್ತೆ ಮತ್ತೆ ತೊಳೆದಳು. ಆಮೇಲೆ ಗಾಯಕ್ಕೆ ಹಚ್ಚುವ ಕಂದು ಔಷಧಿಯನ್ನು ತಿಳಿ ಚಹಾದ ಬಣ್ಣ ಬರುವವರೆಗೆ ನೀರಿಗೆ ಬೆರೆಸಿ, ಹತ್ತಿಯಿಂದ ಕೆಂಪಾದ ಹುರುಪೆಗಳಿಗೆ ಒತ್ತಿದಳು. "ಒದ್ದೇಲಿ ಇಡಬೇಡಿ. ಮರದ ಹೊಟ್ಟು ಪೂರ್ತಿ ಎಸೆದು ಬರೀ ಕಾಗದ ಹಾಸಿ. ದಿನಾ ಬದಲಾಯಿಸಿ," ಎಂದಳು. ಅವನು ಮೂವತ್ತು ವರ್ಷದಿಂದ ಬೇರೆಯವರಿಗೆ ಹೇಳುತ್ತಿದ್ದ ಮಾತುಗಳೇ. ತಲೆಯಾಡಿಸುತ್ತ ಕೇಳಿಸಿಕೊಂಡ.

ಅವಳು ಎಣ್ಣೆ ಸವರಿದ ಹತ್ತಿಕಡ್ಡಿಯಿಂದ ಕಣ್ಣಿನ ಅಂಚಿನ ನುಸಿಗಳನ್ನು ಒಂದೊಂದಾಗಿ ತೆಗೆಯತೊಡಗಿದಳು.

"ವಿಜಿ," ಎಂದ ಕುಂಚೊರೊ. "ನಿನ್ನ ಮೆಲಾತಿಗೆ ಬಂದದ್ದು ನನ್ನ ಕಪ್ಪು ಹಾವಿಂದ. ಅವತ್ತು ನಿನ್ನ ಮಡಿಲಿಗೆ ಕೊಟ್ನಲ್ಲ, ಅದರಿಂದ. ತಂದು ಮೂರು ದಿನಾನೂ ಆಗಿರಲಿಲ್ಲ."

ಕಡ್ಡಿ ಹಿಡಿದ ಕೈ ನಿಂತಿತು. ಅವಳು ತಲೆ ಎತ್ತಲಿಲ್ಲ.

"ಯಾವಾಗ ಗೊತ್ತಾಯ್ತು?"

"ನಿನ್ನೆ."

"ನಿನ್ನೆ ಗೊತ್ತಾಯ್ತು. ಬಂದದ್ದು ಇವತ್ತು. ಅದೂ ಇದರ ತಲೆ ತಿರುಗಿದ ಮೇಲೆ."

ಅವಳ ಕಿವಿ ಕೆಂಪಾಗಿದ್ದನ್ನು ಅವನು ನೋಡಿದ. ಹಾವನ್ನು ಎತ್ತಿ ಅವನ ಕೈಗೆ ತುರುಕಿ, ಹೊರಗೆ ಹೋಗಿ ಎನ್ನುತ್ತಾಳೆ ಎಂದುಕೊಂಡ. ಹಾಗಾದರೂ ಆಗಲಿ ಎಂದು ಬಯಸಿದ.

"ಅಲ್ಲಾಡ್ಬೇಡಿ. ಬಾಲ ಗಟ್ಟಿ ಹಿಡ್ಕೊಳ್ಳಿ," ಎಂದಳು ವಿಜಿ. "ಮೊದಲು ಇದರ ಕೆಲಸ ಮುಗೀಲಿ. ಪಾಪ, ಹಾವಿಂದು ಏನು ತಪ್ಪು?"

ಇನ್ನೊಂದು ಕಣ್ಣು ಮುಗಿಯಲು ಹತ್ತು ನಿಮಿಷ ಹಿಡಿಯಿತು. ಔಷಧಿಯ ಸೀಸೆ ಕೊಟ್ಟು, ಎಷ್ಟು ಹನಿ, ಪೆಟ್ಟಿಗೆಯ ಯಾವ ಮೂಲೆಗೆ ಎಂದೆಲ್ಲ ವಿವರಿಸಿದ ಮೇಲೆ ಅವಳು ಕೈ ತೊಳೆದುಕೊಂಡಳು.

"ನನ್ನ ಹತ್ರ ಹೇಳಿ ಏನು ಪ್ರಯೋಜನ, ಪಾಕ್? ನಕ್ಕವರು ಭಾನುವಾರ ಸಿಗ್ತಾರೆ. ಅಲ್ಲಿ ಹೇಳಿ."

"ನೀನೂ ಬಾ."

"ನಾನ್ಯಾಕೆ ಬರಲಿ? ಇನ್ನೊಂದು ಸಲ ಎಲ್ಲರೂ ನನ್ನ ಮುಖ ನೋಡೋಕಾ?"

ಗುರುವಾರ ಡಾಕ್ಟರ್ ಬಂದು ನೋಡಿ, ಹಾವು ಉಳಿಯುತ್ತದೆ ಎಂದ. ಭಾನುವಾರ ಕುಂಚೊರೊ ಹಾವಿಲ್ಲದೆ ಬರಿಗೈಯಲ್ಲಿ ಹೋದ. ನೆರಳಿನ ನಡುವೆ ನಿಂತು, ಚಪ್ಪಾಳೆ ಹೊಡೆದು ಎಲ್ಲರನ್ನೂ ಕರೆದ. ಕಪ್ಪು ಹಾವು ತಂದದ್ದು, ಬೇರೆ ಇಡದೆ ತೋರಿಸಲು ತಂದದ್ದು, ವಿಜಿಯ ಮಡಿಲಿಗೆ ಕೊಟ್ಟದ್ದು, ಆಮೇಲೆ ಅವಳನ್ನೇ ಎಲ್ಲರೆದುರು ಆಡಿಕೊಂಡದ್ದು, ಕೋಳಿಯ ಔಷಧಿ, ಎಲ್ಲವನ್ನೂ ಹೇಳಿದ. ಎರಡು ಸಲ ದನಿ ಒಡೆಯಿತು.

ಆಮೇಲೆ ಪರ್ಮಾದಿ ಮುಂದೆ ಬಂದು ಅವನ ಭುಜ ಅಪ್ಪಿಕೊಂಡ.

"ನೋಡಿದ್ರಾ? ದೊಡ್ಡವರು ಅಂದ್ರೆ ಹೀಗಿರಬೇಕು! ಇಷ್ಟು ದೊಡ್ಡ ಮನಸ್ಸು ಯಾರಿಗಿದೆ ಹೇಳಿ!"

ಜನ ಚಪ್ಪಾಳೆ ತಟ್ಟಿದರು. ಒಬ್ಬಾಕೆ ಕಣ್ಣು ಒರೆಸಿಕೊಂಡಳು. ಕುಂಚೊರೊ ಬೇಡ ಬೇಡ ಎಂದು ಕೈ ಆಡಿಸಿದಷ್ಟೂ ಚಪ್ಪಾಳೆ ಜೋರಾಯಿತು.

"ನಿನ್ನ ಫೋನ್ ಎಲ್ಲಿ?" ಅವನು ಪರ್ಮಾದಿಯನ್ನು ಕೇಳಿದ. "ಅವತ್ತು ಹಿಡಿದೆಯಲ್ಲ, ಇವತ್ತು ಯಾಕೆ ಹಿಡೀಲಿಲ್ಲ? ತೆಗಿ. ಇನ್ನೊಂದು ಸಲ ಹೇಳ್ತೀನಿ."

"ಛೆ, ಬಿಡಿ ಪಾಕ್. ನಿಮ್ಮ ಮರ್ಯಾದೆ ಏನಾಗಬೇಕು?"

ಕುಂಚೊರೊ ಅವನ ಕೈಯನ್ನು ಭುಜದಿಂದ ಕೆಳಗಿಳಿಸಿದ. ಬೆನ್ನ ಹಿಂದೆ ಯಾರೋ ಚಹಾ ತರಿಸಿ ಎನ್ನುತ್ತಿದ್ದರು.

ಸೋಮವಾರ ಬೆಳಿಗ್ಗೆ ಅವನು ಮನೆಯ ಹಾಸಿಗೆಬಟ್ಟೆ, ದಿಂಬಿನ ಚೀಲ, ತನ್ನ ಹಬ್ಬದ ಬಾತಿಕ್ ಅಂಗಿ ಎಲ್ಲ ಸೇರಿಸಿ ದೊಡ್ಡ ಗಂಟು ಕಟ್ಟಿದ. "ಮನೇಲಿ ಮಷೀನ್ ಇದೆಯಲ್ರೀ," ಎಂದ ಲಾಸ್ಮಿನಿ, ಗಂಡನ ಮುಖ ನೋಡಿ ಅಲ್ಲಿಗೇ ನಿಲ್ಲಿಸಿ, ಮೇಜಿನ ಹಾಸನ್ನೂ ತಂದು ಗಂಟಿಗೆ ಸೇರಿಸಿದಳು. ಅವನು ಬೈಕು ತೆಗೆಯಲಿಲ್ಲ. ಗಂಟನ್ನು ಹೆಗಲ ಮೇಲಿಟ್ಟು ಎರಡು ಬೀದಿ ನಡೆದ.

"ಹೇಳಿದೆ," ಎಂದು ವಿಜಿಗೆ ತಿಳಿಸಿದ. "ಚಪ್ಪಾಳೆ ತಟ್ಟಿದ್ರು."

"ಕೇಳಿದೆ. ನನಗೆ ನಗು ಸಿಕ್ತು. ನಿಮಗೆ ಚಪ್ಪಾಳೆ."

ಅವನು ಗಂಟನ್ನು ಕೆಳಗಿಳಿಸಿದ. ಅವಳು ಗಂಟನ್ನು ಎಳೆದುಕೊಂಡು ತಕ್ಕಡಿಯ ಮೇಲೆ ಹಾಕಿದಳು. "ಕೂತ್ಕೊಳ್ಳಿ. ಬಣ್ಣದ್ದು ಬಿಳಿದು ಬೇರೆ ಮಾಡ್ಬೇಕು."

ಬಾಗಿಲ ಪಕ್ಕದ ಬೆಂಚಿನ ಮೇಲೆ ಅವನು ಬೀದಿಗೆ ಮುಖ ಮಾಡಿ ಕೂತ. ಹೋಗಿ ಬರುವವರಲ್ಲಿ ಇಬ್ಬರು ಅವನನ್ನು ಗುರುತಿಸಿ, ಒಳಗಿನ ಗಂಟನ್ನು ನೋಡಿ ಮುಂದೆ ನಡೆದರು. ಆಮೇಲೆ ತಲೆಗೆ ಹಳದಿ ಬಟ್ಟೆ ಸುತ್ತಿದ ಹೆಂಗಸೊಬ್ಬಳು ಬಟ್ಟೆಯ ಚೀಲ ಹಿಡಿದು ಬೀದಿಯ ಆಚೆ ಬದಿ ನಿಂತಳು. ಸ್ವಲ್ಪ ಹೊತ್ತು ಯೋಚಿಸಿ ದಾಟಿ ಬಂದಳು. ಕುಂಚೊರೊ ಬೆಂಚಿನ ತುದಿಗೆ ಸರಿದು ಜಾಗ ಕೊಟ್ಟ. ಅವಳು ಕೂತಳು. ಚೀಲವನ್ನು ಮಾತ್ರ ಕೆಳಗಿಡಲಿಲ್ಲ. ಎರಡೂ ಕೈಗಳಿಂದ ಅದನ್ನು ಮಡಿಲಿನಲ್ಲಿ ಹಿಡಿದುಕೊಂಡು, ವಿಜಿ ಅವನ ಬಿಳಿ ಹಾಸಿಗೆಬಟ್ಟೆಯನ್ನು ಬೆಳಕಿಗೆ ಬಿಡಿಸಿ ಹಿಡಿಯುವುದನ್ನೇ ನೋಡುತ್ತಿದ್ದಳು.